ಓರೆಯಾಗಿ ಇಳಿಯುತ್ತಿದ್ದ ಕಂಬಿ

ಅಣ್ಣನ ಬಲಗೈ ಈಗ ಕಿವಿಯ ಮಟ್ಟದವರೆಗೆ ಏಳುತ್ತದೆ. ಅಲ್ಲಿಂದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚಿಕೊಳ್ಳುವಾಗ ಅವನು ತಲೆಯನ್ನೇ ಬಗ್ಗಿಸಿ ಕೈಯ ಹತ್ತಿರಕ್ಕೆ ತರುತ್ತಾನೆ. ಮನೆಯವರಿಗೆಲ್ಲ ಅದು ನೋಡಿ ನೋಡಿ ರೂಢಿಯಾಗಿದೆ. ನನಗೆ ಇನ್ನೂ ಆಗಿಲ್ಲ. ನಡೆದದ್ದನ್ನು ನಾನು ಕಂಡಷ್ಟು, ಕಂಡ ಹಾಗೆ ಬರೆಯುತ್ತೇನೆ. ಕಾಣದ್ದನ್ನು ಕಾಣಲಿಲ್ಲ ಎಂದೇ ಬರೆಯುತ್ತೇನೆ.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಕಂಪಲಾಪುರದ ಕಡೆಯ ಒಂದು ಹಳ್ಳಿ. ಹೊಗೆಸೊಪ್ಪು ಬೆಳೆಯುತ್ತೇವೆ. ನಾನು ಹುಣಸೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ, ಸೊಪ್ಪಿನ ಕಾಲದಲ್ಲಿ ರಜೆ ಹಾಕಿ ಮನೆಯಲ್ಲಿರುತ್ತೇನೆ. ಹೊಲದ ಅಂಚಿಗೆ ನಮ್ಮ ಬ್ಯಾರನ್ ಇದೆ. ಹಸಿ ಎಲೆಯನ್ನು ಬಿಸಿಗಾಳಿಯಲ್ಲಿ ಒಣಗಿಸುವ ಎತ್ತರದ ಗೂಡು ಅದು. ಒಳಗೆ ಗೋಡೆಯಿಂದ ಗೋಡೆಗೆ ಗಳಗಳು, ಒಂದರ ಮೇಲೊಂದು ಸಾಲು, ಸೂರಿನವರೆಗೆ. ಬೆಳಿಗ್ಗೆ ಮುರಿದ ಎಲೆಯನ್ನು ಹೆಂಗಸರು ನೆರಳಿನಲ್ಲಿ ಕೂತು ಕಡ್ಡಿಗಳಿಗೆ ಕಟ್ಟುತ್ತಾರೆ. ಸಂಜೆಯೊಳಗೆ ಆ ಕಡ್ಡಿಗಳೆಲ್ಲ ಗಳಗಳ ನಡುವೆ ತೂಗಬೇಕು. ಒಬ್ಬ ಕೆಳಗೆ ನಿಂತು ಕೊಡುತ್ತಾನೆ, ಒಬ್ಬ ನಡುವೆ ನಿಂತು ದಾಟಿಸುತ್ತಾನೆ, ಒಬ್ಬ ತುದಿಯಲ್ಲಿ ನಿಂತು ತೂಗುಹಾಕುತ್ತಾನೆ. ತುದಿಯವನು ಒಂದು ಗಳದ ಮೇಲೆ ಒಂದು ಕಾಲು, ಎದುರಿನ ಗಳದ ಮೇಲೆ ಇನ್ನೊಂದು ಕಾಲು ಇಟ್ಟು, ಎಡಗೈಯಲ್ಲಿ ಮೇಲಿನ ಗಳ ಹಿಡಿದು, ಬಲಗೈಯೊಂದರಲ್ಲೇ ಕಡ್ಡಿ ಇಸಿದುಕೊಂಡು ತಲೆಯ ಮೇಲಕ್ಕೆ ಎತ್ತಬೇಕು. ಎಲ್ಲರಿಗೂ ಬರುವ ಕೆಲಸವಲ್ಲ. ನಮ್ಮಲ್ಲಿ ಮನೆಮನೆಯವರು ಒಬ್ಬರ ಬ್ಯಾರನ್ ತುಂಬಲು ಇನ್ನೊಬ್ಬರು ಹೋಗುತ್ತೇವೆ. ಯಾರ ಮನೆಯದಾದರೂ ತುದಿಗೆ ಅಣ್ಣ. ಅವನ ಮದುವೆಗೆ ಮುಂಚಿನಿಂದಲೂ ಹಾಗೆಯೇ. ನಾನು ಯಾವಾಗಲೂ ನಡುವಿನವನು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಅವನು ಸ್ಕೂಟರಿನಲ್ಲಿ ಬರುವಾಗ ನಾಯಿ ಅಡ್ಡ ಬಂತು. ಬಲಭುಜ ನೆಲಕ್ಕೆ ಹೊಡೆಯಿತು. ಮೂಳೆ ಸೀಳಿತ್ತು, ಅದು ಕೂಡಿತು. ಆದರೆ ಕೈಯನ್ನು ಕೊರಳಿಗೆ ಕಟ್ಟಿದ್ದ ಜೋಳಿಗೆಯಿಂದ ಬಿಚ್ಚಿದಾಗ ಭುಜದ ಮಾಂಸವೆಲ್ಲ ಇಂಗಿಹೋಗಿತ್ತು. ಅಣ್ಣ ಅದನ್ನು ನೋಡಲಿಲ್ಲ. ಅಂಗಿ ಹಾಕಿಕೊಂಡು, “ಸೊಪ್ಪು ಮುರಿಯೋ ಒತ್ಗೆ ಸರಿ ಓಯ್ತದಾ?” ಎಂದು ಡಾಕ್ಟರನ್ನು ಕೇಳಿದ. ಆಮೇಲೆ ಯಾರನ್ನು ಕಂಡರೂ ಅದೊಂದನ್ನೇ ಕೇಳುತ್ತಿದ್ದ.

ಹುಣಸೂರಿನಲ್ಲಿ ಫಿಸಿಯೋ ಮಾಡಿಸುವ ಒಬ್ಬ ಹೆಣ್ಣುಮಗಳ ಹತ್ತಿರ ಕರೆದುಕೊಂಡು ಹೋದೆ. ನಮ್ಮ ಕೆಲಸ ಹೇಗಿರುತ್ತದೆ ಎಂದು ಅವರು ಕೇಳಿದರು. ಅಣ್ಣ ಎದ್ದು ಎರಡು ಕುರ್ಚಿಗಳ ನಡುವೆ ಕಾಲು ಅಗಲಿಸಿ ನಿಂತು ತೋರಿಸಿದ. ಅವರು ನಗಲಿಲ್ಲ. ಮೇಜಿನ ಮೇಲಿನ ಪುಟ್ಟ ಡಂಬೆಲ್ ತೆಗೆದು ಅವನ ಕೈಗಿಟ್ಟರು.

“ಒಂದು ಕೆಜಿಯಿಂದ ಶುರು ಮಾಡಿ ಯಜಮಾನ್ರೇ. ಕೈಗೊಂದು. ಮೊದಲು ಮಲಗಿಕೊಂಡು, ಆಮೇಲೆ ಕೂತು, ಕೊನೆಗೆ ನಿಂತು. ಕನ್ನಡಿ ಮುಂದೆ.”

“ಒಂದ್ ಕೆಜೀನಾ? ಮೇಡಮ್ಮೋರೆ, ನಮ್ ಮೊಮ್ಮಕ್ಳು ಎತ್ತಾವೆ ಇದ್ನ. ಮೆಷಿನ್ ಇಟ್ಕೊಂಡಿರ್ತಾರಲ್ಲ, ಎಳೆಯೋದು, ಅದಾದ್ರೆ ಬೇಗ ಆಗಲ್ವ್ರಾ?”

“ಮೆಷಿನ್ ಕೆಟ್ಟದ್ದು ಅಂತ ನಾನು ಹೇಳಲ್ಲ. ತೂಕ ಜಾರೋ ದಾರಿ ಅದರಲ್ಲಿ ಕಟ್ಟಿಟ್ಟಿರುತ್ತೆ. ಕೈ ಬಿಟ್ಟರೂ ಮೈಮೇಲೆ ಬೀಳಲ್ಲ. ಒಬ್ಬರೇ ಮಾಡೋರಿಗೆ ಒಳ್ಳೇದೇ. ಆದ್ರೆ ನೀವು ಮೇಲೆ ನಿಂತಾಗ ಆ ಕಡ್ಡಿಗೆ ದಾರಿ ಕಟ್ಟಿರೋರು ಯಾರು? ನಿಮ್ಮ ಭುಜ ತಾನೇ ಹಿಡೀಬೇಕು. ಅದು ಕಲಿಯೋದು ಹೀಗೆ ಕಟ್ಟಿಲ್ಲದ ತೂಕದಲ್ಲಿ.”

“ಎಷ್ಟ್ ದಿನ ಬೇಕು?”

“ಈ ವರ್ಷ ಆಗುತ್ತೋ ಇಲ್ವೋ ಹೇಳಲಾರೆ. ಮುಂದಿನ ವರ್ಷಕ್ಕೆ ಖಂಡಿತ ಪ್ರಯತ್ನಪಡೋಣ.”

ಮುಂದಿನ ವರ್ಷ ಎಂಬ ಮಾತು ಅಣ್ಣನಿಗೆ ಹಿಡಿಸಲಿಲ್ಲ. ಆದರೂ ಡಂಬೆಲ್ ಕೊಳ್ಳಲು ಅಂಗಡಿಗೆ ಹೋದೆವು. ಒಂದು ಕೆಜಿಯದು ಇದ್ದದ್ದು ಗುಲಾಬಿ ಬಣ್ಣದ್ದು ಮಾತ್ರ.

“ಗಂಡುಸ್ರು ಎತ್ತೋ ಬಣ್ಣ ಇಲ್ವೇನಪ್ಪ?” ಎಂದ ಅಣ್ಣ.

“ಕರೀದು ಐದು ಕೆಜಿಯಿಂದ ಮೇಲಕ್ಕೆ ಸಿಗ್ತವೆ ಅಣ್ಣಾ” ಎಂದ ಅಂಗಡಿಯವನು.

ಬೆಳಿಗ್ಗೆ ಜಗಲಿಯ ಮೇಲೆ ಮಲಗಿಕೊಂಡು ಆ ಎರಡು ಗುಲಾಬಿ ತುಂಡುಗಳನ್ನು ನಿಧಾನಕ್ಕೆ ಎತ್ತಿ ಇಳಿಸುವಾಗ ಎದುರು ಮನೆಯ ಮಾವ ಬೀದಿಯಲ್ಲೇ ನಿಂತರು. ಅವರದ್ದೂ ನಮ್ಮದೂ ಬ್ಯಾರನ್ ಪಕ್ಕಪಕ್ಕ. ಅಣ್ಣ ಅವರಿಗೆ ಅಳಿಯ ವರಸೆ, ತಮಾಷೆಗೆ ತಡೆಯಿಲ್ಲ.

“ಏನ್ ಅಳಿಮಯ್ಯಾ, ತೊಟ್ಲಿಗೆ ಕಟ್ಟೋ ಗಿಲಕಿ ತಂದ್ಬುಟ್ಟಿದ್ದೀಯ. ಮನೇಲೇನಾರಾ ವಿಶೇಷವಾ?”

ಒಳಗಿನಿಂದ ಅತ್ತಿಗೆ, “ಮೊಮ್ಮಗು ಆಡ್ಸೋ ವಯಸ್ನಲ್ಲಾ? ನಿಮ್ ಬಾಯ್ಗಿಷ್ಟು ಮಣ್ಣಾಕ” ಎಂದರು. ಎಲ್ಲರೂ ನಕ್ಕೆವು. ಅಣ್ಣನೂ ನಕ್ಕ. ಮರುದಿನದಿಂದ ಜಗಲಿ ಬಿಟ್ಟು ಕೋಣೆಯೊಳಗೆ ಮಾಡಿದ. ಆಮೇಲೆ ದಿನ ಬಿಟ್ಟು ದಿನ. ಆಮೇಲೆ ಒಂದು ಡಂಬೆಲ್ಲು ಹಿತ್ತಿಲ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ಒತ್ತಾಗಿ ಕೂತಿತು.

ಯುಗಾದಿಯ ಹೊತ್ತಿಗೆ ಅವನು ಮೆಷಿನ್ ತಂದ. ಕೆ.ಆರ್. ನಗರದಲ್ಲಿ ಯಾರೋ ಲಾಕ್‌ಡೌನ್ ಕಾಲದಲ್ಲಿ ಮನೆಗೆ ತರಿಸಿಕೊಂಡಿದ್ದರಂತೆ. ನಾವು ಹೋದಾಗ ಆ ಮನೆಯಾಕೆ ಅದರ ಮೇಲಿದ್ದ ಲಂಗ, ಟವೆಲ್ಲುಗಳನ್ನು ಬಾಚಿ ತೆಗೆದರು. “ಒಳ್ಳೇ ಮೆಷಿನ್ ಕಣ್ರೀ, ಬಟ್ಟೆ ಎಷ್ಟಾಕಿದ್ರೂ ಬಗ್ಗಲ್ಲ” ಎಂದರು. ಪಿಕಪ್ ಗಾಡಿಯಲ್ಲಿ ಮಲಗಿಸಿ ತಂದು, ಒಣಸೊಪ್ಪು ವಿಂಗಡಿಸುವ ಶೆಡ್ಡಿನಲ್ಲಿ ನಿಲ್ಲಿಸಿದೆವು. ಕಬ್ಬಿಣದ ಚೌಕಟ್ಟು, ಕೂರಲು ಸೀಟು, ತಲೆಯ ಮೇಲೆ ಅಡ್ಡಕ್ಕೆ ತೂಗುವ ಉದ್ದನೆಯ ಕಂಬಿ. ಕಂಬಿಯ ನಡುಮಧ್ಯದಿಂದ ಹೊರಟ ತಂತಿ ರಾಟೆಯ ಮೇಲೆ ಹಾದು ಹಿಂದಿನ ತೂಕದ ಬಿಲ್ಲೆಗಳಿಗೆ ಸೇರುತ್ತಿತ್ತು. ಎರಡೂ ಕೈಯಲ್ಲಿ ಕಂಬಿ ಹಿಡಿದು ಎದೆಯ ಕಡೆಗೆ ಎಳೆದರೆ ಹಿಂದೆ ಬಿಲ್ಲೆಗಳು ಏಳುತ್ತಿದ್ದವು.

ಒಂದೊಂದು ಬಿಲ್ಲೆಯೂ ಐದು ಕೆಜಿ. ಹಸಿ ಎಲೆ ಕಟ್ಟಿದ ಕಡ್ಡಿಯೂ ಹೆಚ್ಚು ಕಡಿಮೆ ಅಷ್ಟೇ ತೂಗುತ್ತದೆ. ಹಾಗಾಗಿ ಶೆಡ್ಡಿನಲ್ಲಿ ಬಿಲ್ಲೆಗೆ ಬಿಲ್ಲೆ ಎಂದು ಯಾರೂ ಹೇಳಲಿಲ್ಲ, ಕಡ್ಡಿ ಎಂದೇ ಹೇಳಿದರು. ಸಂಜೆ ಕೆಲಸ ಮುಗಿಸಿದವರು ಅಲ್ಲಿ ಬಂದು ಕೂರುವುದು ರೂಢಿಯಾಯಿತು.

“ಇವತ್ತೆಷ್ಟ್ ಕಡ್ಡಿ ಅಳಿಮಯ್ಯಾ?”

“ನಾಕು ಮಾವ.”

“ನಾಕಾ! ನೀನು ಇಂಗೇ ಎಳೀತಿದ್ರೆ ಶ್ರಾವಣಕ್ಕೆ ಬ್ಯಾರನ್ನೇ ಕಿತ್ಕೊಂಡು ಬಂದ್ಬುಡ್ತದೆ ಬುಡು.”

ಅಣ್ಣನ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಸ್ಕೂಟರಿನಿಂದ ಬಿದ್ದ ಮೇಲೆ ಅವನು ಹಾಗೆ ಹುರುಪಿನಿಂದ ಇದ್ದುದನ್ನು ನಾನು ಕಂಡದ್ದು ಆಗಲೇ.

ಕಂಬಿ ಓರೆಯಾಗಿ ಇಳಿಯುವುದನ್ನು ಮೊದಲು ಗಮನಿಸಿದವರು ಅತ್ತಿಗೆ. ಕಾಫಿ ತಂದವರು ಲೋಟ ಕೈಯಲ್ಲಿ ಹಿಡಿದೇ ನಿಂತರು.

“ಇದ್ಯಾಕೆ ಎಡಗಡೆ ಮೊದ್ಲು ಬತ್ತದೆ? ಬಲಗಡೆ ಮ್ಯಾಲೇ ಉಳ್ಕತ್ತದಲ್ಲ.”

“ಅಳೇ ಮೆಷಿನ್ನು ಕಣೆ. ತಂತಿ ಸವ್ದದೆ” ಎಂದ ಅಣ್ಣ.

ಮಾವ ಎದ್ದು ರಾಟೆಗೆ ಎಣ್ಣೆ ಬಿಟ್ಟರು. ಕಂಬಿ ಮತ್ತೆ ಓರೆಯಾಗಿಯೇ ಇಳಿಯಿತು. ಅವರು ತಾವೇ ಸೀಟಿನ ಮೇಲೆ ಕೂತು ಎಳೆದರು. ಕಂಬಿ ನೇರವಾಗಿ ಇಳಿಯಿತು.

“ಮೆಷಿನ್ನಲ್ಲ ಬುಡು ಮಾವ” ಎಂದ ಅಣ್ಣ. “ಬಲಗೈ ಸೋಲ್ತಾ ಅದೆ.”

“ಸೋತ್ರೆ ಸೋಲ್ಲಿ. ಸೋಲೋ ಎತ್ತಿಗೆ ಏನ್ ಮಾಡ್ತಿದ್ದೊ?”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಯಲ್ಲಿ ಎತ್ತು ಇಲ್ಲದೆ ಎಷ್ಟೋ ವರ್ಷವಾಯಿತು, ಈಗ ಟ್ರ್ಯಾಕ್ಟರಿನಲ್ಲೇ ಉಳುಮೆ. ಆದರೆ ಎತ್ತು ಕಟ್ಟಿದವರ ಕೈಗೆ ಅದು ಮರೆಯುವುದಿಲ್ಲ. ಜೋಡಿಯಲ್ಲಿ ಒಂದು ಎತ್ತು ಬಡಕಲಾಗಿದ್ದರೆ ನೊಗ ಓರೆಯಾಗುತ್ತದೆ, ಸಾಲು ಸೊಟ್ಟಗಾಗುತ್ತದೆ. ಆಗ ನೇಗಿಲಿನ ಹಗ್ಗವನ್ನು ನೊಗದ ನಡುವಿನಿಂದ ಬಿಚ್ಚಿ, ಕಸುವಿರುವ ಎತ್ತಿನ ಕಡೆಗೆ ಎರಡು ಬೆರಳಿನಷ್ಟು ಸರಿಸಿ ಕಟ್ಟುತ್ತಾರೆ. ಭಾರ ಅದರ ಮೇಲೆ ಬೀಳುತ್ತದೆ. ಬಡಕಲು ಎತ್ತಿನ ಕಡೆಗೆ ನೊಗ ಉದ್ದವಾಗುತ್ತದೆ, ಅದಕ್ಕೆ ಹಗುರವಾಗುತ್ತದೆ. ನೊಗ ಮಟ್ಟಕ್ಕೆ ಬರುತ್ತದೆ. ಎರಡೂ ಒಟ್ಟಿಗೆ ಹೊಲ ಮುಗಿಸುತ್ತವೆ. ಇದನ್ನು ಅಪ್ಪ ಅಣ್ಣನಿಗೆ ಕಲಿಸಿದ್ದ. ನಾನು ಚಿಕ್ಕವನು, ನೋಡಿದ್ದೆ ಅಷ್ಟೆ.

ಅಣ್ಣ ಸ್ಪ್ಯಾನರ್ ತರಿಸಿ ಕಂಬಿಯ ನಡುವಿನ ಕೊಂಡಿಯಿಂದ ತಂತಿ ಬಿಚ್ಚಿದ. ಒಂದು ತುಂಡು ಸರಪಣಿಯನ್ನು ಕಂಬಿಗೆ ಸುತ್ತಿ, ಎಡಗೈ ಹಿಡಿಯುವ ಕಡೆಗೆ ಸರಿಸಿ ಬಿಗಿದ. ಕೂತು ಎಳೆದ. ಕಂಬಿ ಇನ್ನೂ ಕೊಂಚ ಓರೆಯಿತ್ತು. ಇನ್ನಷ್ಟು ಸರಿಸಿದ. ಈಗ ಕಂಬಿ ತೂಗುಮಣೆಯ ಹಾಗೆ ಮಟ್ಟವಾಗಿ ಅವನ ಎದೆಗೆ ಬಂದು ಮುಟ್ಟಿತು.

“ನೋಡ್ದಾ!” ಎಂದರು ಮಾವ.

ಅತ್ತಿಗೆ ಸಮಾಧಾನದಿಂದ ಲೋಟ ಕೊಟ್ಟರು. ಎಂಥ ಉಪಾಯ ಎಂದು ನನಗೂ ಅನ್ನಿಸಿತು. ಆ ಶೆಡ್ಡಿನಲ್ಲಿದ್ದ ಯಾರಿಗೂ ಬೇರೆ ಏನೂ ಅನ್ನಿಸಲಿಲ್ಲ. ಅಷ್ಟು ಸರಿಯಾಗಿತ್ತು ಅದು, ನೊಗದ ಲೆಕ್ಕದಲ್ಲಿ. ಆ ದಿನದಿಂದ ಬಿಲ್ಲೆಗಳು ಬೇಗ ಬೇಗ ಏರಿದವು. ನಾಕು ಆರಾಯಿತು, ಆರು ಎಂಟಾಯಿತು. ಎಡತೋಳು ದಪ್ಪವಾಯಿತು. ಬಲಭುಜವನ್ನು ಅಂಗಿ ಮುಚ್ಚಿತ್ತು. ನಾಟಿ ಶುರುವಾದ ಮೇಲೆ ಹುಣಸೂರಿಗೆ ಹೋಗಲು ಬಿಡುವಾಗಲಿಲ್ಲ. ಫಿಸಿಯೋ ಅಮ್ಮ ಒಮ್ಮೆ ಫೋನ್ ಮಾಡಿದ್ದರು. “ಎಂಟ್ ಕಡ್ಡಿ ಎಳೀತಾ ಇವ್ನಿ ಮೇಡಮ್ಮೋರೆ” ಎಂದು ಅಣ್ಣ ಹೇಳಿದ್ದು ಅವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಬುಡದ ಎಲೆ ಹಣ್ಣಾಯಿತು. ಊರಲ್ಲಿ ಮೊದಲು ತುಂಬಿದ್ದು ನಮ್ಮ ಬ್ಯಾರನ್ನೇ. ತುದಿಗೆ ಬೇರೆ ಯಾರನ್ನಾದರೂ ಕರೆಯೋಣವೇ ಎಂದು ನಾನು ಕೇಳಲಿಲ್ಲ, ಯಾರೂ ಕೇಳಲಿಲ್ಲ. ಎಂಟು ಕಡ್ಡಿ ಎಳೆಯುವವನನ್ನು ಒಂದು ಕಡ್ಡಿ ಎತ್ತುತ್ತೀಯಾ ಎಂದು ಕೇಳುವುದು ಹೇಗೆ? ಅಣ್ಣ ಚಪ್ಪಲಿ ಬಿಟ್ಟು, ಲುಂಗಿ ಎತ್ತಿ ಕಟ್ಟಿ, ಗಳದಿಂದ ಗಳಕ್ಕೆ ಹತ್ತಿದ. ಕಾಲುಗಳಲ್ಲಿ ಯಾವ ಅನುಮಾನವೂ ಇರಲಿಲ್ಲ. ನಾನು ನಡುವೆ ನಿಂತೆ. ಕೆಳಗೆ ಮಾವ. ಬಾಗಿಲಲ್ಲಿ ಅತ್ತಿಗೆ ಮತ್ತು ಎಲೆ ಕಟ್ಟಿ ಮುಗಿಸಿದ ಹೆಂಗಸರು.

ಮೊದಲ ಸಾಲು ಸರಿಯಾಗಿಯೇ ತುಂಬಿತು. ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಕೈ ನಿಧಾನವಾಗಿತ್ತು, ಆದರೆ ಪ್ರತಿ ಕಡ್ಡಿಯೂ ಮೇಲೆ ಹೋಯಿತು.

“ಗಿಲಕಿ ಕೆಲ್ಸ ಮಾಡ್ತಾ ಅದೆ ಕಣ್ರಲಾ!” ಎಂದು ಮಾವ ಕೆಳಗಿನಿಂದ ಕೂಗಿದರು.

“ಗಿಲಕಿ ಅಲ್ಲ ಮಾವ, ಮೆಷಿನ್ನು” ಎಂದ ಅಣ್ಣ ಮೇಲಿನಿಂದ. ಅದು ನಗುವ ದನಿಯೇ.

ಎರಡನೆಯ ಸಾಲಿನಲ್ಲಿ ನಾನು ಕೊಟ್ಟ ಒಂದು ಕಡ್ಡಿ ಅವನ ತಲೆಯ ಮಟ್ಟಕ್ಕೆ ಹೋಗಿ ನಿಂತಿತು. ಎಲೆಗಳು ನಡುಗತೊಡಗಿದವು. ಎಲೆಯ ನೀರು ನನ್ನ ಮುಖದ ಮೇಲೆ ತೊಟ್ಟಿಕ್ಕಿತು. ನಾನು ಮೇಲೆ ನೋಡಿದೆ. ಅವನ ಬಲತೋಳು ಅರ್ಧಕ್ಕೆ ಮಡಿಚಿಕೊಂಡಿತ್ತು. ಅದನ್ನು ಮೇಲಕ್ಕೆ ಕಳಿಸಲು ಅವನು ಬೆನ್ನನ್ನು ಬಾಗಿಸುತ್ತಿದ್ದ, ಕುತ್ತಿಗೆಯನ್ನು ಓರೆ ಮಾಡುತ್ತಿದ್ದ, ಮೈಯಲ್ಲಿರುವ ಬೇರೆ ಎಲ್ಲವನ್ನೂ ಕೇಳುತ್ತಿದ್ದ. ಆಮೇಲೆ ಎಡಗೈಯನ್ನು ಗಳದಿಂದ ಬಿಟ್ಟ. ಕಡ್ಡಿಗೆ ಎಡಗೈಯ ಸಹಾಯ ಕೊಡಲು ಬಿಟ್ಟದ್ದು ಎಂದು ನನ್ನ ಎಣಿಕೆ. ಅವನನ್ನು ಕೇಳಿಲ್ಲ.

ಆಗ ಕಾಲು ಜಾರಿತು. ಕಡ್ಡಿ ನನ್ನ ಪಕ್ಕದಲ್ಲೇ ಕೆಳಗೆ ಹೋಯಿತು. ಮಾವ ಹಿಂದಕ್ಕೆ ಹಾರಿಕೊಂಡರು. ಅಣ್ಣ ಬಲಗೈಯಲ್ಲಿ ಗಳ ಹಿಡಿದ. ಇಡೀ ಮೈ ಒಂದು ಕ್ಷಣ ಆ ಕೈಯೊಂದರಿಂದಲೇ ತೂಗಿತು. ಹಸಿ ನಾರು ಸೀಳಿದ ಹಾಗೆ ಒಂದು ಶಬ್ದ ಕೇಳಿಸಿತು ಎಂದು ನನಗೆ ಅನ್ನಿಸುತ್ತದೆ. ಅತ್ತಿಗೆ ತಮಗೆ ಕೇಳಿಸಲಿಲ್ಲ ಎನ್ನುತ್ತಾರೆ, ಅವರು ದೂರವಿದ್ದರು. ಅಣ್ಣ ಕೂಗಲಿಲ್ಲ. ಎಡಗೈ ಗಳಕ್ಕೆ ಸಿಕ್ಕಿತು, ಕಾಲಿಗೆ ಇನ್ನೊಂದು ಗಳ ಸಿಕ್ಕಿತು, ಎದೆಯನ್ನು ಗಳಕ್ಕೆ ಒತ್ತಿಕೊಂಡು ಹಾಗೆಯೇ ನಿಂತುಬಿಟ್ಟ.

“ಅಲ್ಲಾಡ್ಬೇಡ ಅಣ್ಣ. ಬಂದೆ.”

ಹತ್ತಿ ಹೋಗಿ ಹಿಂದಿನಿಂದ ಅವನ ಸೊಂಟವನ್ನು ಬಳಸಿ ಹಿಡಿದೆ. ಬುದ್ಧಿ ಬಂದ ಮೇಲೆ ನಾನು ಅವನನ್ನು ಹಾಗೆ ಹಿಡಿದದ್ದೇ ಇಲ್ಲ. ಇಳಿಯುವ ಮುಂಚೆ ಅವನು ತಗ್ಗಿದ ದನಿಯಲ್ಲಿ ಕೇಳಿದ:

“ಕೆಳಗಿರೋರ್ಗೆಲ್ಲ ಕಾಣ್ತದೇನ್ಲಾ?”

“ಇಲ್ಲ ಅಣ್ಣ. ಇಲ್ಲೆಲ್ಲ ಕತ್ಲು.”

ಬಾಗಿಲು ಪೂರ್ತಿ ತೆರೆದಿತ್ತು. ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಎಡಗಾಲು ಇಲ್ಲಿ, ಬಲಗಾಲು ಅಲ್ಲಿ ಎಂದು ನಾನು ಹೇಳಿದ ಕಡೆಯೆಲ್ಲ ಕಾಲಿಡುತ್ತ, ನನಗೆ ಆ ಗಳಗಳನ್ನು ಹತ್ತಲು ಕಲಿಸಿದವನು ಇಳಿದ.

ಮುರಿದ ಎಲೆಯನ್ನು ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಬೆಂದ ಹಾಗಾಗುತ್ತದೆ. ಆಸ್ಪತ್ರೆಗೆ ಹೋಗೋಣ ಎಂದರೆ ಅಣ್ಣ ಕೇಳಲಿಲ್ಲ. ತೋಳನ್ನು ಹೊಟ್ಟೆಗೆ ಒತ್ತಿಕೊಂಡು ಬಾಗಿಲ ಹತ್ತಿರ ಕೂತು, “ನೀನತ್ತು” ಎಂದ. ನಾನು ತುದಿಗೆ ಹೋದೆ. ಮಾವ ನಡುವಿಗೆ ಬಂದರು. ಕೆಳಗೆ ಅತ್ತಿಗೆ ಕಡ್ಡಿ ಕೊಟ್ಟರು. “ಎಡಗಾಲು ಹಿಂದುಕ್ಕೆ ತಗಾ.” “ಗಳದ ತುದೀಗೆ ತುಳೀಬೇಡ.” ಕೊನೆಯ ಕಡ್ಡಿಯವರೆಗೂ ಅವನು ಕೂತಲ್ಲಿಂದ ಹೇಳುತ್ತಿದ್ದ. ದನಿಯಲ್ಲಿ ನೋವು ಕೇಳಿಸಲಿಲ್ಲ, ಅದನ್ನು ನೆನೆದರೆ ನನಗೆ ಇನ್ನೂ ಭಯವಾಗುತ್ತದೆ.

ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿದೆವು. ಭುಜವನ್ನು ಹಿಡಿದಿಡುವ ನರಕಟ್ಟು ಹರಿದಿತ್ತು, ತುದಿ ಒಳಕ್ಕೆ ಸೇದಿಕೊಂಡಿತ್ತು. ಹೊಲಿದರೂ ಆ ಕೈಯಲ್ಲಿ ತಲೆಯ ಮೇಲಕ್ಕೆ ಭಾರ ಎತ್ತುವ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಹೊಲಿಗೆ ಮಾಡಿಸಿದೆವು.

ಗಾಯ ಮಾಗಿದ ಮೇಲೆ ಮತ್ತೆ ಹುಣಸೂರಿಗೆ, ಅದೇ ಫಿಸಿಯೋ ಅಮ್ಮನ ಹತ್ತಿರ ಹೋದೆವು. ಅವರು ಬೈಯಲಿಲ್ಲ. ಮೆಷಿನ್ನಿನಲ್ಲಿ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿದರು. ಅಣ್ಣ ಒಂದು ಸ್ಕೇಲು ಇಸಿದುಕೊಂಡು ಎಡಗೈ ಬೆರಳಲ್ಲಿ ತೋರಿಸಿದ: ತಂತಿ ಇಲ್ಲಿತ್ತು, ಇಲ್ಲಿಗೆ ಸರಿಸಿದೆವು, ಎತ್ತಿಗೆ ಮಾಡುವ ಹಾಗೆ. ಅವರು ಸ್ಕೇಲನ್ನು ಇಸಿದುಕೊಂಡು ಅವನ ಬೆರಳಿದ್ದ ಕಡೆ ತಮ್ಮ ಬೆರಳಿಟ್ಟು ನೋಡಿದರು.

“ಅಂದ್ರೆ ಎಂಟರಲ್ಲಿ ಹೆಚ್ಚಿನ ಭಾರ ಎಳೀತಿದ್ದದ್ದು ಎಡಗೈ” ಎಂದರು.

“ಊಂ ಕಣಮ್ಮ” ಎಂದ ಅಣ್ಣ. “ಸೋಲೋದ್ನ ಕಾಪಾಡ್ದೊ.”

ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಅರ್ಧ ಕೆಜಿಯ ಡಂಬೆಲ್ ತಂದರು.

ಮೆಷಿನ್ನನ್ನು ಸರಗೂರಿನ ಕಡೆಯವರು ಬಂದು ಒಯ್ದರು. ಬಿಚ್ಚಿ ಗಾಡಿಗೆ ಏರಿಸುವಾಗ ಕೊಂಡವರು, “ಇದ್ರಲ್ಲಿ ಸಕ್ತಿ ಬತ್ತದಾ ಯಜಮಾನ್ರೆ?” ಎಂದು ಕೇಳಿದರು.

“ಬತ್ತದೆ” ಎಂದ ಅಣ್ಣ. “ಕಂಬಿ ಓರೆ ಬಂದ್ರೆ ಮಾತ್ರ ಸರಿಮಾಡೋಕ್ ಓಗ್ಬೇಡಿ.”

ಅವರಿಗೆ ತಿಳಿಯಲಿಲ್ಲ. ಅಣ್ಣ ಬಿಡಿಸಿ ಹೇಳಲೂ ಇಲ್ಲ.

ಮರುವರ್ಷ ಸೊಪ್ಪಿನ ಕಾಲದಲ್ಲಿ ಒಂದು ಸಂಜೆ ಎದುರು ಮನೆಯ ಮಾವ ಬಂದರು. ಮರುದಿನ ಅವರ ಬ್ಯಾರನ್ ತುಂಬುವುದಿತ್ತು. ಜಗಲಿಯ ಮೇಲೆ ನಾವಿಬ್ಬರೂ ಕೂತಿದ್ದೆವು. ಯಾವಾಗಲೂ ಬೀದಿಯಿಂದಲೇ ಕೂಗುತ್ತಿದ್ದವರು ಮೆಟ್ಟಿಲ ಹತ್ತಿರ ಬಂದು ನಿಂತು, ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಮಳೆಯ ಮಾತಾಡಿದರು. ಅವರು ಯಾರನ್ನು ನೋಡಿ ಕರೆಯಬೇಕು ಎಂದು ತಿಳಿಯದೆ ನಿಂತಿದ್ದಾರೆ ಎಂದು ನನಗೆ ಗೊತ್ತಾಯಿತು. ಅಣ್ಣನಿಗೂ ಗೊತ್ತಾಯಿತು.

“ನಾಳೀಕೆ ಇವ್ನು ಬತ್ತಾನೆ ಬುಡು ಮಾವ” ಎಂದ. “ತುದೀಗೆ.”

“ಊಂ ಅಳಿಮಯ್ಯಾ” ಎಂದರು ಮಾವ. ತಮಾಷೆ ಏನೂ ಆಡಲಿಲ್ಲ. ಹೊರಟುಹೋದರು.

ಅಣ್ಣ ನನ್ನ ಕಡೆಗೆ ಸರಿದು ಕೂತ. ಎಡಗೈಯ ಹೆಬ್ಬೆರಳನ್ನು ನನ್ನ ಬಲಭುಜದ ಸಂದಿಗೆ ಇಟ್ಟು ಒತ್ತಿದ. ಇನ್ನೂ ಸ್ವಲ್ಪ ಸರಿಸಿ, ಮತ್ತೆ ಒತ್ತಿದ. ನನ್ನ ಕೈಯನ್ನು ಮೇಲಕ್ಕೆ ಎತ್ತಿಸಿದ, ಹಿಂದಕ್ಕೆ ತಿರುಗಿಸಿದ, ಕಿವಿಗೆ ತಾಗುವವರೆಗೆ ತಂದು ಅಲ್ಲೇ ಹಿಡಿದ.

“ಎಲ್ಲಾರ ನೋಯ್ತದಾ?”

“ಇಲ್ಲ ಅಣ್ಣ.”

“ಒಸೀನೂ?”

“ಇಲ್ಲ.”

ನಿಜವಾಗಿಯೂ ಎಲ್ಲೂ ನೋಯುತ್ತಿರಲಿಲ್ಲ. ಅವನು ಕೈ ಬಿಟ್ಟ. ನನ್ನ ಕೈ ಮಾತ್ರ ಮೇಲೆಯೇ ಇತ್ತು. ಅವನ ಮುಂದೆ ಅದನ್ನು ಹೇಗೆ ಇಳಿಸಬೇಕೆಂದು ನನಗೆ ತಿಳಿಯಲಿಲ್ಲ.